ಸಿರಿವಂತಿಕೆಯ ಪಹಣಿ ಎಲ್ಲಿದೆ?

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕುವ ಕುಟುಂಬ ಮೊದಲು ತನ್ನ ಬಡತನವನ್ನು ಸಾಬೀತು ಮಾಡಬೇಕು. ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಿರಬಾರದು. ಒಣಭೂಮಿ ಮೂರು ಹೆಕ್ಟೇರಿಗಿಂತ ಹೆಚ್ಚಿರಬಾರದು. ಪೇಟೆಯಲ್ಲಿದ್ದರೆ ಸಾವಿರ ಚದರಡಿ ಮೀರಿದ ಪಕ್ಕಾ ಮನೆ ಇರಬಾರದು. ವೈಟ್ ಬೋರ್ಡ್ ಕಾರು ಇರಬಾರದು. ಮನೆಯಲ್ಲಿ ಯಾರೂ ಆದಾಯ ತೆರಿಗೆ ಕಟ್ಟುವವರಾಗಲಿ, ಸರ್ಕಾರಿ ನೌಕರರಾಗಲಿ ಆಗಿರಬಾರದು. ಇದಕ್ಕೆಲ್ಲ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು, ಆಧಾರ್ ಬೇಕು, ಬೆರಳಚ್ಚು ಬೇಕು. ಕಾರ್ಡ್ ಕೈಗೆ ಬಂದ ಮೇಲೂ ಅನರ್ಹರ ಪತ್ತೆಗೆಂದು ಆಗಾಗ ಪರಿಶೀಲನೆ ನಡೆಯುತ್ತಲೇ ಇರುತ್ತದೆ. ಉದ್ಯೋಗ ಖಾತರಿಯಲ್ಲಿ ಕೆರೆಯ ಹೂಳೆತ್ತಿದವರ ಹೆಸರು, ಜಾಬ್ ಕಾರ್ಡ್ ಸಂಖ್ಯೆ, ದುಡಿದ ದಿನ, ಪಡೆದ ಕೂಲಿ ಎಲ್ಲವೂ ಸರ್ಕಾರಿ ಜಾಲತಾಣದಲ್ಲಿ ವರ್ಷಗಳಿಂದ ಪ್ರಕಟವಾಗುತ್ತಾ ಬಂದಿವೆ. ಸುಳ್ಳು ಬಿಲ್ಲುಗಳನ್ನು ಹಿಡಿಯಲು ಆ ಪಾರದರ್ಶಕತೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ.

ಇಂಥದೇ ಲೆಕ್ಕವನ್ನು ಶ್ರೀಮಂತರ ಬಗ್ಗೆ ಕೇಳಿ ನೋಡಿ. ದೇಶದ ಅತಿ ಶ್ರೀಮಂತರಾದ ನೂರಕ್ಕೆ ಒಬ್ಬರ ಕೈಯಲ್ಲಿ ಒಟ್ಟು ಸಂಪತ್ತಿನ ಎಷ್ಟು ಪಾಲಿದೆ? ಇದಕ್ಕೆ ನೇರವಾಗಿ ಉತ್ತರ ಕೊಡುವ ಸರ್ಕಾರಿ ದಾಖಲೆ ಒಂದೂ ಇಲ್ಲ. ಬಡತನದ ರೇಖೆಯನ್ನು ಎಲ್ಲಿ ಎಳೆಯಬೇಕೆಂದು ನಾವು ಅರ್ಧ ಶತಮಾನದಿಂದ ವಾದಿಸುತ್ತಿದ್ದೇವೆ. ದಾಂಡೇಕರ್ ಮತ್ತು ರಥ್ ಅವರ 1971ರ ಅಧ್ಯಯನ, ಲಕಡಾವಾಲ ಸಮಿತಿ, ತೆಂಡೂಲ್ಕರ್ ಸಮಿತಿ, ಕೊನೆಗೆ ಹಳ್ಳಿಗೆ ದಿನಕ್ಕೆ 32 ರೂಪಾಯಿ, ಪೇಟೆಗೆ 47 ರೂಪಾಯಿ ಎಂದ 2014ರ ರಂಗರಾಜನ್ ಸಮಿತಿ. ಸಿರಿವಂತಿಕೆಯ ರೇಖೆ ಎಳೆಯಲು ಒಂದು ಸಮಿತಿಯೂ ಕೂರಲಿಲ್ಲ. ಈಗ ನಮ್ಮ ಮುಂದಿರುವುದು ವಿದ್ವಾಂಸರ ಅಂದಾಜು. ನಿತಿನ್ ಕುಮಾರ್ ಭಾರ್ತಿ, ಲೂಕಾ ಶಾನ್ಸೆಲ್, ತೋಮಾ ಪಿಕೆಟಿ ಮತ್ತು ಅನ್ಮೋಲ್ ಸೋಮಂಚಿ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2022-23ರಲ್ಲಿ ಮೇಲಿನ ಶೇಕಡ 1ರಷ್ಟು ಜನರ ಪಾಲು ರಾಷ್ಟ್ರದ ಆದಾಯದಲ್ಲಿ ಶೇಕಡ 22.6, ಸಂಪತ್ತಿನಲ್ಲಿ ಶೇಕಡ 40.1.

ಈ ಅಂಕಿಗಳು ಹೆಚ್ಚೇ, ಕಡಿಮೆಯೇ ಎಂದು ಅರ್ಥಶಾಸ್ತ್ರಜ್ಞರು ಜಗಳವಾಡುತ್ತಲೇ ಇದ್ದಾರೆ. ನನ್ನ ಕಳವಳ ಬೇರೆ. ಅಸಮಾನತೆ ಎಂದರೆ ಇಬ್ಬರ ನಡುವಿನ ಅಂತರ. ಅದರ ಒಂದು ತುದಿಯನ್ನು ಮಾತ್ರ ಅಳೆಯುತ್ತಾ ಹೋದರೆ ಕಾರಣಗಳೂ ಆ ತುದಿಯಲ್ಲೇ ಕಾಣತೊಡಗುತ್ತವೆ. ಕುಡಿತ, ಅನಕ್ಷರತೆ, ಹೆಚ್ಚು ಮಕ್ಕಳು, ಉಳಿತಾಯದ ಅಭ್ಯಾಸವಿಲ್ಲದಿರುವುದು: ಬಡವರ ಮನೆಯೊಳಗೆ ಮಾತ್ರ ಇಣುಕಿದ ಸಮಾಜಕ್ಕೆ ಸಿಗುವ ವಿವರಣೆಗಳು ಇವೇ. ಕೂಲಿಯ ದರ ಯಾರು ನಿಗದಿ ಮಾಡಿದರು, ಜಮೀನಿನ ಬೆಲೆ ಏರಿದಾಗ ಅದು ಯಾರ ಹೆಸರಿನಲ್ಲಿತ್ತು, ತೆರಿಗೆಯ ವಿನಾಯಿತಿಯನ್ನು ಬರೆದವರು ಯಾರು ಎಂಬ ಪ್ರಶ್ನೆಗಳಿಗೆ ಆ ಮನೆಯೊಳಗೆ ಉತ್ತರವಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞೆ ಲಾರಾ ನೇಡರ್ 1972ರಲ್ಲಿ ಬರೆದ ಪ್ರಬಂಧವೊಂದು ಈ ವಿಚಾರವನ್ನು ಮೊದಲ ಸಲ ಅಷ್ಟು ನಿಷ್ಠುರವಾಗಿ ಮುಂದಿಟ್ಟಿತು. ಅವರ ವಿದ್ಯೆ ಅಲ್ಲಿಯವರೆಗೆ ಬುಡಕಟ್ಟುಗಳನ್ನು, ರೈತರನ್ನು, ಕೊಳೆಗೇರಿಗಳನ್ನು ಓದಿತ್ತು. ಬ್ಯಾಂಕು, ವಿಮಾ ಕಂಪನಿ, ವಕೀಲರ ಸಂಸ್ಥೆಗಳಲ್ಲಿ ಕುಳಿತು ಲಕ್ಷಾಂತರ ಜನರ ಬದುಕನ್ನು ತೀರ್ಮಾನಿಸುವವರ ಆಚಾರ ವಿಚಾರಗಳನ್ನು ಯಾಕೆ ಓದುವುದಿಲ್ಲ ಎಂದು ಅವರು ತಮ್ಮವರನ್ನೇ ಕೇಳಿದರು. ಮೇಲಕ್ಕೆ ನೋಡಲು ಕಲಿತರೆ, ಕೆಲವರು ಯಾಕೆ ಬಡವರು ಎಂಬುದರ ಜಾಗದಲ್ಲಿ ಉಳಿದವರು ಯಾಕೆ ಅಷ್ಟು ಶ್ರೀಮಂತರು ಎಂಬ ಪ್ರಶ್ನೆ ಹುಟ್ಟುತ್ತದೆ ಎಂಬುದು ಅವರ ವಾದ.

ನೇಡರ್ ಇದನ್ನು ಬರೆಯುವ ಮೊದಲೇ ನಮ್ಮ ಮೈಸೂರು ಸೀಮೆಯಲ್ಲಿ ಇಂಥ ನೋಟದ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದದ್ದನ್ನು ನಾವು ಸಾಮಾನ್ಯವಾಗಿ ಜಾತಿಯ ಅಧ್ಯಯನವೆಂದು ಓದುತ್ತೇವೆ. 1959ರಲ್ಲಿ ಅವರು ಮಂಡಿಸಿದ 'ಪ್ರಬಲ ಜಾತಿ'ಯ ಪರಿಕಲ್ಪನೆ ಅಧಿಕಾರದ ಅಧ್ಯಯನವೂ ಹೌದು. ಹಳ್ಳಿಯ ಯಜಮಾನಿಕೆ ಮಡಿ ಮೈಲಿಗೆಯ ಏಣಿಯಲ್ಲಿ ಎತ್ತರದಲ್ಲಿದ್ದವರ ಕೈಯಲ್ಲೇ ಇರಬೇಕೆಂದಿಲ್ಲ, ಸಂಖ್ಯೆ, ಭೂಮಿ, ರಾಜಕೀಯ ಬಲ, ಮುಂದೆ ಓದು ಮತ್ತು ಸರ್ಕಾರಿ ನೌಕರಿ ಕೂಡಿದ ಕಡೆ ಅದು ನೆಲೆಸುತ್ತದೆ ಎಂದು ಅವರು ತೋರಿಸಿದರು. ಪಟೇಲರ ಮನೆಗೆ ಯಾರು ಯಾತಕ್ಕೆ ಬರುತ್ತಾರೆ, ಸಾಲ ಕೊಟ್ಟವನೇ ನ್ಯಾಯ ಹೇಳುವವನೂ ಆದಾಗ ಏನಾಗುತ್ತದೆ, ಎರಡನೇ ಮಹಾಯುದ್ಧದ ನಂತರ ಕೈಗೆ ಬಂದ ಹಣ ಅಕ್ಕಿ ಗಿರಣಿಗೂ ಬಸ್ಸುಗಳಿಗೂ ಹೇಗೆ ಹರಿಯಿತು ಎಂಬುದನ್ನು ಅವರು ಹತ್ತಿರದಿಂದ ಕಂಡರು.

ಆ ನೋಟಕ್ಕೊಂದು ಮಿತಿಯೂ ಇತ್ತು. ಪಟೇಲರ ಆಶ್ರಯದಲ್ಲಿ ಉಳಿದುಕೊಂಡವರಿಗೆ ಊರು ಪಟೇಲರ ಜಗಲಿಯಿಂದಲೇ ಕಾಣುತ್ತದೆ. ದಲಿತರ ಕೇರಿಯ ಬದುಕು ತಮ್ಮ ಕೈಗೆ ಅಷ್ಟಾಗಿ ಸಿಗಲಿಲ್ಲ ಎಂಬುದನ್ನು ಶ್ರೀನಿವಾಸ್ ಮುಚ್ಚಿಡಲಿಲ್ಲ. ಉಳ್ಳವರನ್ನು ಓದಲು ಹೊರಟ ಎಲ್ಲರಿಗೂ ಈ ಅಪಾಯ ಎದುರಾಗುತ್ತದೆ. ಬಾಗಿಲು ತೆರೆದವರ ಋಣ ಬರೆಯುವ ಕೈಯನ್ನು ಹಿಡಿದೆಳೆಯುತ್ತದೆ.

ಇದನ್ನು ಬಹಳ ದಿಟ್ಟವಾಗಿ ಎದುರಿಸಿದವರು ಫ್ರಾನ್ಸಿನ ದಂಪತಿ ಮಿಶೆಲ್ ಪ್ಯಾಂಸೋ ಮತ್ತು ಮೊನೀಕ್ ಪ್ಯಾಂಸೋ-ಶಾರ್ಲೋ. ಮಿಶೆಲ್ ಬೆಲ್ಜಿಯಂ ಗಡಿಯ ಆರ್ಡೆನ್ ಪ್ರಾಂತ್ಯದ ಕಾರ್ಮಿಕ ಕುಟುಂಬದಿಂದ ಬಂದವರು. ಇಬ್ಬರೂ ಸಮಾಜಶಾಸ್ತ್ರಜ್ಞರು. 1980ರ ದಶಕದ ಮಧ್ಯದಲ್ಲಿ, ಸಹೋದ್ಯೋಗಿಗಳೆಲ್ಲ ಉಪನಗರಗಳ ಬಡತನದ ಬಗ್ಗೆ ಬರೆಯುತ್ತಿದ್ದಾಗ, ಇವರು ಪ್ಯಾರಿಸ್‌ನ ಪಶ್ಚಿಮದ ಸಿರಿವಂತ ಬಡಾವಣೆಗಳಿಗೆ ಹೊರಟರು. ಹಳೆಯ ಮನೆತನಗಳ ಊಟದ ಮೇಜು, ಸದಸ್ಯತ್ವ ಸಿಗುವುದೇ ಕಷ್ಟವಾದ ಕ್ಲಬ್ಬುಗಳು, ನಾಯಿಗಳ ದಂಡು ಕಟ್ಟಿಕೊಂಡು ಹೋಗುವ ಬೇಟೆ, ಇವೆಲ್ಲ ಅವರ ಕ್ಷೇತ್ರಕಾರ್ಯದ ಜಾಗಗಳಾದವು.

ಅವರ ಬರಹಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಹದಿಹರೆಯದವರ ನೃತ್ಯಕೂಟಗಳ ವಿವರ. ಉಳ್ಳ ಮನೆತನಗಳ ತಾಯಂದಿರು ಸೇರಿ ಯಾವ ಮನೆಯ ಹುಡುಗ ಹುಡುಗಿಯರು ಬರಬೇಕೆಂದು ಪಟ್ಟಿ ಮಾಡುತ್ತಾರೆ. ಸಣ್ಣ ವಯಸ್ಸಿಗೆ ವಸ್ತುಸಂಗ್ರಹಾಲಯದ ಭೇಟಿ, ನಂತರ ನೃತ್ಯದ ಪಾಠ, ಆಮೇಲೆ ರಾತ್ರಿಯ ಕೂಟ. ಮದುವೆಯನ್ನು ಯಾರೂ ನಿಶ್ಚಯಿಸುವುದಿಲ್ಲ. ಮಕ್ಕಳು ಸ್ವಂತ ಇಷ್ಟದಿಂದಲೇ ಪ್ರೀತಿಸುತ್ತಾರೆ. ಆದರೆ ಪ್ರೀತಿಸಲು ಸಿಗುವವರೆಲ್ಲ ಪಟ್ಟಿಯೊಳಗಿನವರೇ. ಹೀಗೆ ಆಸ್ತಿ ಆಸ್ತಿಯನ್ನೇ ಮದುವೆಯಾಗುತ್ತದೆ. ವೈಯಕ್ತಿಕ ಸಾಧನೆಯನ್ನು, ಸ್ವಂತ ಪ್ರತಿಭೆಯನ್ನು ಎಲ್ಲರಿಗಿಂತ ಹೆಚ್ಚು ಹೊಗಳುವ ವರ್ಗವೇ ಎಲ್ಲರಿಗಿಂತ ಹೆಚ್ಚು ಸಾಮೂಹಿಕವಾಗಿ ಬದುಕುತ್ತದೆ ಎಂಬುದು ಆ ದಂಪತಿಯ ಮುಖ್ಯ ಶೋಧ. ಬಡಾವಣೆಗೆ ಹೆದ್ದಾರಿ ಬರುತ್ತದೆಂದರೆ ಆ ಮನೆತನಗಳು ಒಂದಾಗುತ್ತವೆ, ಸರ್ಕಾರದ ವಸತಿ ಯೋಜನೆ ಬರುತ್ತದೆಂದರೂ ಒಂದಾಗುತ್ತವೆ. ತಾವೊಂದು ವರ್ಗವೆಂಬ ಅರಿವು ಕಾರ್ಮಿಕರಲ್ಲಿ ಕರಗುತ್ತಿರುವಾಗ ಇಲ್ಲಿ ಅದು ಗಟ್ಟಿಯಾಗಿಯೇ ಉಳಿದಿದೆ.

ಜಾತಿಯೊಳಗಿನ ಮದುವೆಯನ್ನು ಕಣ್ಣಾರೆ ಕಂಡ ನಮಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ. ಆದರೂ ನಮ್ಮ ಕಾರ್ಪೊರೇಟ್ ಲೋಕದ ಬಗ್ಗೆ ಈ ಪ್ರಶ್ನೆ ಕೇಳಿದವರು ಕಡಿಮೆ. 2012ರಲ್ಲಿ ಡಿ. ಅಜಿತ್, ಹಾನ್ ಡಾಂಕರ್ ಮತ್ತು ರವಿ ಸಕ್ಸೇನಾ ದೇಶದ ಸಾವಿರ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳನ್ನು ಪರಿಶೀಲಿಸಿದರು. ನಿರ್ದೇಶಕರಲ್ಲಿ ನೂರಕ್ಕೆ ಸುಮಾರು 93 ಮಂದಿ ಮುಂದುವರಿದ ಜಾತಿಗಳವರು. ಪರಿಶಿಷ್ಟ ಜಾತಿ ಪಂಗಡಗಳೆರಡೂ ಸೇರಿ ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. ಹಳ್ಳಿಯ ಹೋಟೆಲಿನಲ್ಲಿ ಪ್ರತ್ಯೇಕ ಲೋಟವಿದೆಯೇ ಎಂದು ಹುಡುಕಿಕೊಂಡು ಹೋಗುವುದು ಅಗತ್ಯವಾದ ಕೆಲಸ. ಆಡಳಿತ ಮಂಡಳಿಯ ಕುರ್ಚಿಗಳನ್ನು ಎಣಿಸುವುದೂ ಅಷ್ಟೇ ಅಗತ್ಯ. ಎರಡನೆಯದಕ್ಕೆ ಊರೂರು ಅಲೆಯಬೇಕಿಲ್ಲ, ವಾರ್ಷಿಕ ವರದಿಗಳನ್ನು ಕೂತು ಓದುವ ತಾಳ್ಮೆ ಇದ್ದರೆ ಸಾಕು.

ಇನ್ನೊಂದು ಕಷ್ಟವಿದೆ. ಶ್ರೀಮಂತರು ತಮ್ಮನ್ನು ಶ್ರೀಮಂತರೆಂದು ಎಣಿಸುವುದು ಅಪರೂಪ. ರೇಚಲ್ ಶೆರ್ಮನ್ ಎಂಬ ಸಮಾಜಶಾಸ್ತ್ರಜ್ಞೆ ನ್ಯೂಯಾರ್ಕಿನ ಐವತ್ತು ಮಂದಿ ಸ್ಥಿತಿವಂತ ತಂದೆ ತಾಯಿಯರೊಡನೆ ಮಾತನಾಡಿ 2017ರಲ್ಲಿ ಪುಸ್ತಕ ಬರೆದರು. ಕೊಂಡ ವಸ್ತುಗಳ ಬೆಲೆಚೀಟಿಯನ್ನು ಮಗು ನೋಡಿಕೊಳ್ಳುವವಳ ಕಣ್ಣಿಗೆ ಬೀಳದಂತೆ ಕಿತ್ತುಹಾಕುವ ತಾಯಿ ಅದರಲ್ಲಿ ಬರುತ್ತಾಳೆ. ತಮಗಿಂತ ಹೆಚ್ಚು ಇರುವವರತ್ತ ನೋಡುತ್ತಾ ತಾವು ನಡುವಿನವರು ಎಂದು ಎಷ್ಟೋ ಮಂದಿ ಹೇಳಿಕೊಂಡರು.

ಬೆಂಗಳೂರಿನಲ್ಲಿ ಸ್ವಂತ ಫ್ಲಾಟು, ಕಾರು, ತಿಂಗಳಿಗೆ ಲಕ್ಷದ ಮೇಲಿನ ಸಂಬಳ ಇರುವವರು ತಮ್ಮನ್ನು ಮಧ್ಯಮ ವರ್ಗವೆಂದು ಕರೆದುಕೊಳ್ಳುವುದು ಸುಳ್ಳಾಡಬೇಕೆಂದಲ್ಲ. ಅವರ ಕಣ್ಣೆದುರು ಇರುವುದು ಅವರಿಗಿಂತ ಮೇಲಿನವರು. ಮೇಲೆ ಹೇಳಿದ 2024ರ ಲೆಕ್ಕದಲ್ಲಿ ಭಾರತದ ವಯಸ್ಕರ ಸರಾಸರಿ ಆದಾಯ ವರ್ಷಕ್ಕೆ ಸುಮಾರು 2.3 ಲಕ್ಷ ರೂಪಾಯಿ. ಆ ಸರಾಸರಿಯನ್ನು ಮುಟ್ಟಬೇಕಾದರೆ ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಸುಮಾರು ತೊಂಬತ್ತನೆಯವರಾಗಿರಬೇಕು. ಕೆಳಗಿನ ಅರ್ಧದಷ್ಟು ಜನರ ಸರಾಸರಿ 71 ಸಾವಿರ. ನಡುವೆ ನಿಂತಿದ್ದೇವೆ ಎಂದುಕೊಂಡಿರುವ ನಮ್ಮಲ್ಲಿ ಹಲವರು, ಈ ಲೇಖನ ಬರೆಯುತ್ತಿರುವವರೂ ಓದುತ್ತಿರುವವರೂ ಸೇರಿ, ಸಾಲಿನ ಮೇಲಿನ ಹತ್ತರಲ್ಲಿದ್ದೇವೆ.

ಸಾಲಿನ ತುತ್ತತುದಿಯನ್ನು ಅಳೆಯುವುದು ಯಾಕೆ ಕಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕುಟುಂಬಗಳ ಆಸ್ತಿ ಮತ್ತು ಸಾಲವನ್ನು ಕೇಳುವ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ನಡೆದಾಗ ಸುಮಾರು 1.16 ಲಕ್ಷ ಮನೆಗಳಿಗೆ ಹೋಗಿತ್ತು. ದೊಡ್ಡ ಸಂಖ್ಯೆಯೇ. ದೇಶದಲ್ಲಿ ಸುಮಾರು 30 ಕೋಟಿ ಕುಟುಂಬಗಳೆಂದು ಹಿಡಿದರೆ, ಎರಡೂವರೆ ಸಾವಿರ ಮನೆಗಳಿಗೆ ಒಂದರಂತೆ ಆಯಿತು. ಫೋರ್ಬ್ಸ್ ಪತ್ರಿಕೆಯ 2024ರ ಪಟ್ಟಿಯಲ್ಲಿ ಶತಕೋಟಿ ಡಾಲರ್ ದಾಟಿದ ಭಾರತೀಯರು 200 ಮಂದಿ. ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿದರೆ, ಹತ್ತು ಸಲ ಸಮೀಕ್ಷೆ ನಡೆಸಿದರೂ ಅವರಲ್ಲಿ ಒಬ್ಬರ ಮನೆ ಸಿಗುವುದು ಖಚಿತವಿಲ್ಲ. ಸಿಕ್ಕಿತೆಂದೇ ಇಟ್ಟುಕೊಳ್ಳಿ. ಗೇಟಿನ ಸೆಕ್ಯುರಿಟಿಯವರನ್ನು ದಾಟಿ ಗಣತಿದಾರರು ಒಳಗೆ ಹೋಗಬೇಕು, ಒಳಗಿನವರು ಷೇರು, ಚಿನ್ನ, ಸೈಟುಗಳ ಪಟ್ಟಿಯನ್ನು ನಿಜವಾಗಿ ಹೇಳಬೇಕು. ಕೂಲಿಕಾರರ ಮನೆಯ ಅಂಗಳದಲ್ಲಿ ಕೂತು ಗಂಟೆಗಟ್ಟಲೆ ಪ್ರಶ್ನೆ ಕೇಳುವ ಗಣತಿದಾರರಿಗೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನವರೆಗೂ ಪ್ರವೇಶ ಸಿಗದಿರುವುದು ಸಮೀಕ್ಷೆಯ ಕೆಲಸ ಮಾಡುವವರೆಲ್ಲ ಬಲ್ಲ ಸಂಗತಿ.

ಇದನ್ನು ಸರಿಪಡಿಸುವ ಪ್ರಯತ್ನಗಳೂ ನಡೆದಿವೆ. 2022-23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯಲ್ಲಿ ನಗರದ ಮನೆಗಳನ್ನು ಕಾರಿನ ಆಧಾರದ ಮೇಲೆ ವಿಂಗಡಿಸಿದರು. ಹತ್ತು ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರಿರುವವರು, ಅದಕ್ಕಿಂತ ಕಡಿಮೆಯ ಕಾರಿರುವವರು, ಉಳಿದವರು. ಮೂರೂ ಗುಂಪಿನಿಂದ ಮನೆಗಳನ್ನು ಆರಿಸಿದ್ದರಿಂದ ಉಳ್ಳವರು ಪೂರ್ತಿ ತಪ್ಪಿಹೋಗುವುದು ತಪ್ಪಿತು. ಒಳ್ಳೆಯ ಹೆಜ್ಜೆ. ಆದರೂ ಹತ್ತು ಲಕ್ಷದ ಕಾರಿನವರಿಗೂ ಹತ್ತು ಸಾವಿರ ಕೋಟಿಯ ಒಡೆಯರಿಗೂ ನಡುವಿನ ದೂರ ಬಹಳ ದೊಡ್ಡದು. ಹಾಗಾಗಿ ವಿದ್ವಾಂಸರು ಮೂರು ತುಂಡುಗಳನ್ನು ಜೋಡಿಸುತ್ತಾರೆ: ಕೆಳಗಿನ ಮತ್ತು ನಡುವಿನ ಜನರಿಗೆ ಸಮೀಕ್ಷೆ, ಮೇಲಿನವರಿಗೆ ತೆರಿಗೆಯ ಅಂಕಿಅಂಶ, ತುದಿಗೆ ಪತ್ರಿಕೆಗಳ ಶ್ರೀಮಂತರ ಪಟ್ಟಿ. ನಡುವೆ ಉಳಿದ ಖಾಲಿ ಜಾಗವನ್ನು ತುಂಬಲು 1890ರ ದಶಕದಲ್ಲಿ ಇಟಲಿಯ ವಿಲ್ಫ್ರೆಡೊ ಪರೇಟೊ ತೆರಿಗೆ ಕೋಷ್ಟಕಗಳಲ್ಲಿ ಕಂಡುಕೊಂಡ ಗಣಿತದ ಸೂತ್ರ ಬಳಕೆಯಾಗುತ್ತದೆ.

ಶ್ರೀಮಂತರ ಪಟ್ಟಿಗೂ ದೋಷಗಳಿವೆ. ಅದು ಮುಖ್ಯವಾಗಿ ಷೇರುಪೇಟೆಯಲ್ಲಿ ಕಾಣುವ ಆಸ್ತಿಯನ್ನು ಎಣಿಸುತ್ತದೆ. ಊರಾಚೆಯ ಜಮೀನು, ಲಾಕರಿನ ಚಿನ್ನ, ಬೇರೆಯವರ ಹೆಸರಿನ ಬೇನಾಮಿ ಆಸ್ತಿ ಅದಕ್ಕೆ ಕಾಣುವುದಿಲ್ಲ.

ತೆರಿಗೆಯ ಅಂಕಿಅಂಶಗಳ ಕಥೆಗೆ ಬಂದರೆ ಬೇಸರಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರನ್ನು ನೆಹರೂ ಸರ್ಕಾರ ಕರೆಸಿಕೊಂಡಿತ್ತು. 1956ರಲ್ಲಿ ಅವರು ಕೊಟ್ಟ ವರದಿ ಓದಿದವರಿಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದಾಯ ತೆರಿಗೆಯೊಂದರಿಂದ ಸಿರಿವಂತರನ್ನು ಹಿಡಿಯಲಾಗದು ಎಂದು ಅವರಿಗೆ ಗೊತ್ತಿತ್ತು. ಆದಾಯ, ಬಂಡವಾಳ ಲಾಭ, ಸಂಪತ್ತು, ವೆಚ್ಚ, ಉಡುಗೊರೆ, ಈ ಐದಕ್ಕೂ ತೆರಿಗೆ ಹಾಕಿ ಒಂದೇ ಸಮಗ್ರ ರಿಟರ್ನಿನಲ್ಲಿ ಲೆಕ್ಕ ತೆಗೆದುಕೊಳ್ಳಿ ಎಂದರು. ಒಬ್ಬರು ಆದಾಯವನ್ನು ಮುಚ್ಚಿಟ್ಟರೆ ಸಂಪತ್ತು ಬೆಳೆದದ್ದು ತೋರುತ್ತದೆ. ಸಂಪತ್ತನ್ನು ಮಗನಿಗೆ ದಾಟಿಸಿದರೆ ಉಡುಗೊರೆಯ ಲೆಕ್ಕದಲ್ಲಿ ಕಾಣುತ್ತದೆ. ಖರ್ಚು ಮಾಡಿದರೆ ವೆಚ್ಚದಲ್ಲಿ. ಒಂದು ತೆರಿಗೆ ಇನ್ನೊಂದಕ್ಕೆ ಕಾವಲು. ಕಾಲ್ಡರ್ ಕಟ್ಟಿಕೊಟ್ಟದ್ದು ಬೊಕ್ಕಸ ತುಂಬುವ ಉಪಾಯದ ಜೊತೆಗೆ ಸಿರಿವಂತಿಕೆಯನ್ನು ತಿಳಿಯುವ ಉಪಾಯ ಕೂಡ.

ಸರ್ಕಾರ ಅದನ್ನು ತುಂಡು ತುಂಡಾಗಿ ಒಪ್ಪಿತು, ತುಂಡು ತುಂಡಾಗಿಯೇ ಕೈಬಿಟ್ಟಿತು. ವೆಚ್ಚ ತೆರಿಗೆ 1957ರಲ್ಲಿ ಬಂದು, 1962ರಲ್ಲಿ ಹೋಗಿ, 1964ರಲ್ಲಿ ಮರಳಿ ಬಂದು 1966ರಲ್ಲಿ ಮತ್ತೆ ಹೋಯಿತು. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ತೆರಿಗೆ 1953ರಿಂದ ಇತ್ತು, ಅದನ್ನು 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ತೆಗೆದರು. ಉಡುಗೊರೆ ತೆರಿಗೆ 1998ರಲ್ಲಿ ಹೋಯಿತು. 1957ರ ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ರದ್ದು ಮಾಡಿದರು. ಪ್ರತಿ ಸಲವೂ ಕೊಟ್ಟ ಕಾರಣ ಒಂದೇ: ಸಿಗುವ ಹಣ ಕಡಿಮೆ, ವಸೂಲಿಯ ತಾಪತ್ರಯ ಹೆಚ್ಚು. ಸಂಪತ್ತು ತೆರಿಗೆಯಿಂದ 2013-14ರಲ್ಲಿ ಬಂದದ್ದು 1,008 ಕೋಟಿ ರೂಪಾಯಿ ಎಂಬುದು ನಿಜ. ಆದರೆ 1993ರಿಂದ ಆ ತೆರಿಗೆ ಷೇರುಗಳನ್ನೇ ಹೊರಗಿಟ್ಟಿತ್ತು, ಮನೆ, ಕಾರು, ಒಡವೆ, ನಗರದ ಜಾಗ ಇಂಥವನ್ನಷ್ಟೇ ಮುಟ್ಟುತ್ತಿತ್ತು. ದೊಡ್ಡ ಸಂಪತ್ತೆಲ್ಲ ಷೇರುಗಳಲ್ಲಿ ಕೂತಿರುವಾಗ ಷೇರುಗಳನ್ನು ಬಿಟ್ಟ ಸಂಪತ್ತು ತೆರಿಗೆಯಿಂದ ಹೆಚ್ಚು ಹಣ ಹುಟ್ಟಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವೇನಿದೆ?

ತೆರಿಗೆ ಹೋದಾಗ ಲೆಕ್ಕವೂ ಹೋಯಿತು. ಈ ಇಡೀ ವಿಷಯದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಇದೇ. ಫ್ರಾನ್ಸಿನಲ್ಲಿ ಕ್ರಾಂತಿಯ ಸಮಯದಿಂದ, ಅಂದರೆ 1791ರಿಂದ, ಸತ್ತವರ ಆಸ್ತಿಯನ್ನು ದಾಖಲಿಸುವ ಪದ್ಧತಿ ಉಳಿದುಬಂದಿದೆ. ಪಿಕೆಟಿ ಮತ್ತು ಅವರ ಜೊತೆಗಾರರು ಪ್ಯಾರಿಸ್‌ನ ದಾಖಲೆ ಭಂಡಾರದಲ್ಲಿ ಕೂತು ಎರಡು ಶತಮಾನಗಳ ಸಂಪತ್ತಿನ ಇತಿಹಾಸ ಬರೆಯಲು ಸಾಧ್ಯವಾದದ್ದು ಅದರಿಂದ. ಭಾರತದಲ್ಲಿ 1985ರ ನಂತರ ಒಂದು ಸಿರಿವಂತ ಪೀಳಿಗೆ ಕಣ್ಣು ಮುಚ್ಚಿತು, ಅದರ ಆಸ್ತಿ ಮುಂದಿನ ಪೀಳಿಗೆಗೆ ದಾಟಿತು. ಎಷ್ಟು ದಾಟಿತು ಎಂಬುದನ್ನು ಹೇಳುವ ಕಡತ ಯಾವ ಕಚೇರಿಯಲ್ಲೂ ಇಲ್ಲ. ಆದಾಯ ತೆರಿಗೆಯ ವಿಷಯವೂ ಇಂಥದೇ. 1922ರ ಕಾಯ್ದೆಯ ಕಾಲದಿಂದ ಪ್ರತಿ ವರ್ಷ ಯಾವ ಆದಾಯದ ಹಂತದಲ್ಲಿ ಎಷ್ಟು ಜನರಿದ್ದಾರೆ ಎಂಬ ಕೋಷ್ಟಕಗಳು ಅಚ್ಚಾಗುತ್ತಿದ್ದವು. ಅಭಿಜಿತ್ ಬ್ಯಾನರ್ಜಿ ಮತ್ತು ಪಿಕೆಟಿ 2005ರಲ್ಲಿ ಅವುಗಳನ್ನೇ ಆಧರಿಸಿ ಬರೆದರು. ಮೇಲಿನ ಶೇಕಡ 1ರ ಆದಾಯದ ಪಾಲು 1930ರ ದಶಕದ ಕೊನೆಗೆ ಶೇಕಡ 20ರ ಆಸುಪಾಸು ಇದ್ದು, 1980ರ ದಶಕದ ಆರಂಭಕ್ಕೆ ಶೇಕಡ 6ಕ್ಕೆ ಇಳಿದು, ಅಲ್ಲಿಂದ ಮತ್ತೆ ಏರಿದ ಚಿತ್ರ ನಮಗೆ ಸಿಕ್ಕಿರುವುದು ಆ ಕೋಷ್ಟಕಗಳ ದೆಸೆಯಿಂದ. ಆದರೆ 2000ದ ಹೊತ್ತಿಗೆ ಪ್ರಕಟಣೆ ನಿಂತಿತು. ಐಟಿ ಉದ್ಯಮ ಚಿಗುರಿ, ಬೆಂಗಳೂರಿನ ಭೂಮಿಗೆ ರೆಕ್ಕೆ ಬಂದು, ಗಣಿ ದುಡ್ಡು ಉಕ್ಕಿದ ಒಂದೂವರೆ ದಶಕ ಪೂರ್ತಿ ಆ ಕೋಷ್ಟಕಗಳು ಹೊರಬರಲಿಲ್ಲ. 2016ರಲ್ಲಿ ಮತ್ತೆ ಶುರುವಾಯಿತು.

ಮೊದಲಿನಿಂದಲೂ ಹೀಗೆಯೇ ಇತ್ತು ಎಂದು ತಿಳಿಯಬೇಕಿಲ್ಲ. 1960ರ ದಶಕದ ಭಾರತ ತನ್ನ ಸಿರಿವಂತರನ್ನು ಧೈರ್ಯವಾಗಿ ಓದಿತ್ತು. ಯೋಜನೆಗಳ ಫಲ ಯಾರ ಪಾಲಾಯಿತು ಎಂದು ನೋಡಲು ಮಹಾಲನೊಬಿಸ್ ಅಧ್ಯಕ್ಷತೆಯ ಸಮಿತಿ ಕೂತಿತು. ಅರ್ಥಶಾಸ್ತ್ರಜ್ಞ ಆರ್.ಕೆ. ಹಜಾರಿ ಒಂದೊಂದೇ ಕಂಪನಿಯ ಷೇರುದಾರರ ಪಟ್ಟಿ ಬಿಡಿಸಿ, ಕಡಿಮೆ ಸ್ವಂತ ಹಣದಿಂದ ದೊಡ್ಡ ಸಾಮ್ರಾಜ್ಯವನ್ನು ಹೇಗೆ ಆಳಬಹುದು ಎಂದು ತೋರಿಸಿದರು. ಲೆಕ್ಕ ಸರಳ. ಮೊದಲ ಕಂಪನಿಯಲ್ಲಿ ಕುಟುಂಬದ ಪಾಲು ನೂರಕ್ಕೆ 51. ಆ ಕಂಪನಿ ಎರಡನೆಯದರಲ್ಲಿ 51 ಪಾಲು ಹೊಂದಿದೆ, ಎರಡನೆಯದು ಮೂರನೆಯದರಲ್ಲಿ 51. ಮೂರನೆಯ ಕಂಪನಿಯಲ್ಲಿ ಕುಟುಂಬದ ನಿಜವಾದ ಹಣ ನೂರಕ್ಕೆ 13 ಮಾತ್ರ, ಯಜಮಾನಿಕೆ ಮಾತ್ರ ಪೂರ್ತಿ. ಕೆ.ಸಿ. ದಾಸ್‌ಗುಪ್ತ ನೇತೃತ್ವದ ಏಕಸ್ವಾಮ್ಯ ವಿಚಾರಣಾ ಆಯೋಗ 1965ರಲ್ಲಿ ಕೊಟ್ಟ ವರದಿಯಲ್ಲಿ 75 ಉದ್ಯಮ ಮನೆತನಗಳನ್ನು ಹೆಸರಿಸಿತು. ಅವುಗಳ ಹಿಡಿತದಲ್ಲಿ 1,536 ಕಂಪನಿಗಳಿದ್ದವು, ಬ್ಯಾಂಕುಗಳನ್ನು ಬಿಟ್ಟು ಖಾಸಗಿ ಕಂಪನಿ ವಲಯದ ಸುಮಾರು ಶೇಕಡ 47ರಷ್ಟು ಆಸ್ತಿಯಿತ್ತು. 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆ ಇದರ ಫಲ. ಆ ಕಾಯ್ದೆ ಲೈಸೆನ್ಸ್ ರಾಜ್ಯಕ್ಕೆ ನೀರೆರೆಯಿತೆಂಬ ಟೀಕೆಯಲ್ಲಿ ಹುರುಳಿದೆ. ಕಾಯ್ದೆ ಬೇಡವಾದರೆ ಬೇಡ, ಜ್ಞಾನವೂ ಯಾಕೆ ಬೇಡವಾಯಿತು?

ಇಂದಿನ ಸಿರಿವಂತಿಕೆ ಹಜಾರಿಯವರ ಕಾಲದ್ದಕ್ಕಿಂತ ಜಾಣತನದಿಂದ ಅಡಗಿಕೊಳ್ಳುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಬ್ರೂಕ್ ಹ್ಯಾರಿಂಗ್ಟನ್ ಇದನ್ನು ತಿಳಿಯಲು ಶ್ರೀಮಂತರನ್ನು ಬಿಟ್ಟು ಅವರ ಆಸ್ತಿ ನೋಡಿಕೊಳ್ಳುವವರನ್ನು ಹುಡುಕಿದರು. ಎರಡು ವರ್ಷ ಆ ವೃತ್ತಿಯ ತರಬೇತಿಗೇ ಸೇರಿ ಕಲಿತು, 18 ದೇಶಗಳಲ್ಲಿ 65 ಮಂದಿಯನ್ನು ಮಾತನಾಡಿಸಿ 2016ರಲ್ಲಿ ಪುಸ್ತಕ ಬರೆದರು. ಆ ವೃತ್ತಿಯ ಮುಖ್ಯ ಸಾಧನ ಟ್ರಸ್ಟ್. ಆಸ್ತಿಯ ಕಾನೂನಿನ ಒಡೆತನ ಟ್ರಸ್ಟಿಯದ್ದು, ಅನುಭವ ಫಲಾನುಭವಿಯದ್ದು, ಕೊಟ್ಟವರು ಕೊಟ್ಟು ಕೈತೊಳೆದುಕೊಂಡವರು. ತೆರಿಗೆಯವರು, ಸಾಲ ಕೊಟ್ಟವರು, ವಿಚ್ಛೇದನ ಕೇಳಿದ ಹೆಂಡತಿ ಬಂದು ಇದು ಯಾರದ್ದು ಎಂದು ಕೇಳಿದರೆ ಮೂವರೂ ತನ್ನದಲ್ಲ ಎನ್ನಬಹುದು. ಇದಕ್ಕೆ ಒಂದು ತೆರಿಗೆ ಸ್ವರ್ಗದ ಕಂಪನಿ ಸೇರಿದರೆ ಜಾಡು ಸಮುದ್ರ ದಾಟಿತು. ಜಗತ್ತಿನ ಕುಟುಂಬಗಳ ಹಣಕಾಸು ಸಂಪತ್ತಿನಲ್ಲಿ ಸುಮಾರು ಶೇಕಡ 8ರಷ್ಟು ಇಂಥ ಜಾಗಗಳಲ್ಲಿದೆ ಎಂದು ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಝುಕ್ಮನ್ ಅಂದಾಜು ಮಾಡಿದ್ದಾರೆ. 2016ರಲ್ಲಿ ಪನಾಮಾದ ಒಂದೇ ವಕೀಲಿ ಸಂಸ್ಥೆಯಿಂದ 1.15 ಕೋಟಿ ಕಡತಗಳು ಹೊರಬಿದ್ದಾಗ ಅದರ ಒಂದು ಮೂಲೆ ಕಂಡಿತಷ್ಟೆ.

ಆದರೂ ಸಂಪತ್ತು ಗುರುತು ಬಿಡದೆ ಓಡಾಡಲಾರದು. ಬಳ್ಳಾರಿಯ ಗಣಿ ಪ್ರಕರಣವೇ ಅದಕ್ಕೆ ಸಾಕ್ಷಿ. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿಗೆ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಮತ್ತು ತಂಡ ಆಧಾರವಾಗಿ ಇಟ್ಟುಕೊಂಡದ್ದು ಪರ್ಮಿಟ್ಟು, ಸಾಗಣೆಯ ತೂಕ, ಬಂದರಿನ ರಫ್ತಿನ ಲೆಕ್ಕ, ಬ್ಯಾಂಕ್ ಖಾತೆಗಳನ್ನು. ಎಷ್ಟು ಅದಿರಿಗೆ ಅನುಮತಿ ಇತ್ತು, ಎಷ್ಟು ಹಡಗೇರಿತು ಎಂಬ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸದಲ್ಲಿ ಎಲ್ಲವೂ ಇತ್ತು. 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ವರದಿ ಹೇಳಿತು. ಜಪ್ತಿ ಮಾಡಿ ಬೇಲೆಕೇರಿ ಬಂದರಿನಲ್ಲಿಟ್ಟಿದ್ದ ಲಕ್ಷಾಂತರ ಟನ್ ಅದಿರು ಕೂಡ ಕಾಣೆಯಾಗಿತ್ತು. ನನ್ನ ಮಟ್ಟಿಗೆ ಅದು ತನಿಖಾ ವರದಿಯಷ್ಟೇ ಅಲ್ಲ, ಕರ್ನಾಟಕದಲ್ಲಿ ಸಂಪತ್ತು ಹೇಗೆ ಹುಟ್ಟಿತು ಎಂಬುದರ ಬಗ್ಗೆ ನಮ್ಮಲ್ಲಿರುವ ಅತ್ಯಂತ ವಿವರವಾದ ಸಮಾಜಶಾಸ್ತ್ರ. ನಮ್ಮ ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಅದನ್ನು ಪಠ್ಯವಾಗಿ ಓದಬೇಕು.

ಇನ್ನೊಂದು ಕಿಟಕಿಯನ್ನು ಸುಪ್ರೀಂ ಕೋರ್ಟ್ ತೆರೆದುಕೊಟ್ಟಿದೆ. 2002 ಮತ್ತು 2003ರ ತೀರ್ಪುಗಳ ನಂತರ ಚುನಾವಣೆಗೆ ನಿಲ್ಲುವವರು ಆಸ್ತಿಯ ಅಫಿಡವಿಟ್ ಕೊಡಲೇಬೇಕು. ಭಾರತದಲ್ಲಿ ಹೆಸರು ಹಿಡಿದು ಒಬ್ಬರ ಸಂಪತ್ತನ್ನು ಯಾರು ಬೇಕಾದರೂ ನೋಡಬಹುದಾದ ದೊಡ್ಡ ದಾಖಲೆ ಇದು. 2023ರಲ್ಲಿ ಆಯ್ಕೆಯಾದ ಕರ್ನಾಟಕದ ಶಾಸಕರಲ್ಲಿ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳು, ಸರಾಸರಿ ಆಸ್ತಿ 64 ಕೋಟಿ ರೂಪಾಯಿಯ ಮೇಲೆ ಎಂದು ನಮಗೆ ತಿಳಿದಿರುವುದು ಇದರಿಂದ. ಅರ್ಥಶಾಸ್ತ್ರಜ್ಞ ರೇಮಂಡ್ ಫಿಸ್ಮನ್ ಮತ್ತು ಸಂಗಡಿಗರು ಇಂಥ ಅಫಿಡವಿಟ್ಟುಗಳನ್ನು ಹೋಲಿಸಿ, ಗೆದ್ದವರ ಆಸ್ತಿ ಸ್ವಲ್ಪದರಲ್ಲಿ ಸೋತವರ ಆಸ್ತಿಗಿಂತ ವರ್ಷಕ್ಕೆ ಶೇಕಡ 3ರಿಂದ 5ರಷ್ಟು ವೇಗವಾಗಿ ಬೆಳೆಯಿತೆಂದು 2014ರಲ್ಲಿ ತೋರಿಸಿದರು. ದಾಖಲೆ ಇದ್ದ ಕಡೆ ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆ ಇದ್ದ ಕಡೆ ಉತ್ತರ.

ಇದೆಲ್ಲ ಖಾಸಗಿತನಕ್ಕೆ ಕೈ ಹಾಕಿದಂತಲ್ಲವೇ ಎಂಬ ಆಕ್ಷೇಪವಿದೆ. ಅದನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ನಾರ್ವೆಯಲ್ಲಿ ಪ್ರತಿಯೊಬ್ಬರ ತೆರಿಗೆಯ ವಿವರ ಸಾರ್ವಜನಿಕ. 2001ರಲ್ಲಿ ಅದು ಇಂಟರ್‌ನೆಟ್ಟಿಗೆ ಬಂದಾಗ ಜನ ನೆರೆಹೊರೆಯವರ ಸಂಬಳ ಹುಡುಕಲು ಮುಗಿಬಿದ್ದರು. ನಿಮ್ಮ ವಿವರವನ್ನು ಯಾರು ನೋಡಿದರೆಂದು ನಿಮಗೂ ತಿಳಿಯುವ ವ್ಯವಸ್ಥೆ 2014ರಲ್ಲಿ ಬಂದ ಮೇಲೆ ಹುಡುಕಾಟ ತಟ್ಟನೆ ಇಳಿಯಿತು. ಅಷ್ಟು ದೂರ ನಾವು ಹೋಗಬೇಕಿಲ್ಲ. ಹೆಸರಿಲ್ಲದ ಕೋಷ್ಟಕಗಳು ಸಾಕು, ಸಂಶೋಧಕರಿಗೆ ನಿಯಮದ ಪ್ರಕಾರ ಪ್ರವೇಶ ಸಾಕು. ಆದರೆ ಖಾಸಗಿತನದ ಮಾತು ಆಡುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಕೆರೆಯ ಹೂಳೆತ್ತಿದವಳ ಕೂಲಿ ಊರಿಗೆಲ್ಲ ಕಾಣುವಂತೆ ಇರುವಾಗ, ಅವಳಿಗಿಲ್ಲದ ಖಾಸಗಿತನ ಕೋಟ್ಯಧಿಪತಿಗೆ ಯಾವ ನ್ಯಾಯದಿಂದ ಬಂತು?

ನಮ್ಮ ರಾಜ್ಯದಲ್ಲಿ ಸಿರಿವಂತಿಕೆಯನ್ನು ಓದಲು ಸಿದ್ಧವಾದ ಜಾಗವೊಂದಿದೆ: ಭೂಮಿಯ ದಾಖಲೆಗಳು. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ದೇವರಾಜ ಅರಸು ಸರ್ಕಾರ ಸ್ಥಾಪಿಸಿದ ಭೂ ನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಏಳನೇ ನಂಬರ್ ಫಾರಂ ಹಾಕಿದಾಗ, ಯಾರ ಹೆಸರಿನಲ್ಲಿ ಎಷ್ಟು ಭೂಮಿ ಇತ್ತೆಂಬುದು ಊರೆದುರು ಬಂತು. ಮಿತಿಗಿಂತ ಹೆಚ್ಚು ಭೂಮಿ ಇದ್ದವರೂ ಘೋಷಣೆ ಸಲ್ಲಿಸಬೇಕಿತ್ತು. ಅದೇ ಕಾಯ್ದೆಯ 79ಎ ಕಲಮು ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿತ್ತು. 2015ರಲ್ಲಿ ಆ ಮಿತಿ ಎರಡು ಲಕ್ಷದಿಂದ 25 ಲಕ್ಷಕ್ಕೆ ಏರಿತು, 2020ರಲ್ಲಿ ಕಲಮೇ ರದ್ದಾಯಿತು. ಆ ಕಲಮನ್ನು ಲಂಚಕ್ಕೆ ದಾರಿ ಮಾಡಿಕೊಂಡವರಿದ್ದರು, ನಿಜ. ಈಗ ಅದು ಇಲ್ಲವಾದ್ದರಿಂದ ಕೊಳ್ಳುವವರ ಆದಾಯ ಎಲ್ಲಿಂದ ಬಂತೆಂದು ಕೇಳುವ ಒಂದು ಸಂದರ್ಭವೂ ಇಲ್ಲವಾಗಿದೆ. ಹೀಗಿದ್ದರೂ ಕ್ರಯಪತ್ರಗಳು ಉಪನೋಂದಣಿ ಕಚೇರಿಗಳಲ್ಲಿವೆ, ಮ್ಯುಟೇಷನ್ ಮತ್ತು ಪಹಣಿಗಳು ಭೂಮಿ ತಂತ್ರಾಂಶದಲ್ಲಿವೆ. ದೇವನಹಳ್ಳಿ, ಹೊಸಕೋಟೆ, ಆನೇಕಲ್ ತಾಲ್ಲೂಕುಗಳಲ್ಲಿ 2020ರ ನಂತರ ಕೈಬದಲಾದ ಜಮೀನುಗಳನ್ನು ಸರ್ವೆ ನಂಬರಿನ ಪ್ರಕಾರ ಪಟ್ಟಿ ಮಾಡಿ, ಮಾರಿದವರು ಈಗ ಏನು ಮಾಡುತ್ತಿದ್ದಾರೆ, ಕೊಂಡವರು ಯಾವ ವೃತ್ತಿಯವರು, ಯಾವ ಕಂಪನಿ, ಯಾವ ಜಾತಿ, ರಸ್ತೆಯ ಯೋಜನೆ ಪ್ರಕಟವಾಗುವ ಮೊದಲು ಕೊಂಡರೋ ನಂತರವೋ ಎಂದು ಕೇಳಲು ಅರ್ಥಶಾಸ್ತ್ರದ ಒಬ್ಬ ಎಂ.ಎ. ವಿದ್ಯಾರ್ಥಿ, ಸಮಾಜಶಾಸ್ತ್ರದ ಇನ್ನೊಬ್ಬಳು, ಅವರಿಬ್ಬರ ಬೆನ್ನಿಗೆ ನಿಲ್ಲುವ ಒಂದು ವಿಭಾಗ ಸಾಕು.